ಕಾರಿನಲ್ಲಿ ‘ಧಾ’ ನುಡಿ ‘ತಾ’ ಎಂದು ಕೇಳುತ್ತಿದೆ: ಸಬ್‌ವೂಫರ್ ಹಾಕಿಸಬೇಕೇ?

ಆಳಂದ ಮಾಸ್ತರ್

ಎಲ್ಲರಿಗೂ ಶರಣು ಶರಣಾರ್ಥಿ. ಆಳಂದ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ, ಮನೆ ಕಲಬುರಗಿಯಲ್ಲಿ. ಹೋಗಿ ಬರುವುದರಲ್ಲಿ ದಿನಕ್ಕೆ ಎರಡು ತಾಸು ಕಾರಿನಲ್ಲೇ ಕಳೆಯುತ್ತದೆ. ಆ ಎರಡು ತಾಸು ನನಗೆ ಹಿಂದೂಸ್ತಾನಿ ಸಂಗೀತ ಕೇಳುವ ಹೊತ್ತು. ಚಿಕ್ಕಂದಿನಿಂದ ತಬಲಾ ನುಡಿಸುತ್ತೇನೆ. ಈಗ ಹತ್ತು ವರ್ಷದ ಮಗಳೂ ಕಲಿಯುತ್ತಿದ್ದಾಳೆ.

ಕಳೆದ ಭಾನುವಾರ ಅವಳನ್ನು ತಬಲಾ ಪಾಠಕ್ಕೆ ಕರೆದೊಯ್ಯುವಾಗ ತೀನ್‌ತಾಲದ ಒಂದು ಬಂದಿಶ್ ಹಾಕಿದ್ದೆ. ಬೆರಳು ಎಣಿಸುತ್ತಾ ಕುಳಿತಿದ್ದವಳು, ‘ಅಪ್ಪಾ, ಇದರಲ್ಲಿ ಖಾಲಿ ಎಲ್ಲಿ ಬರುತ್ತದೆ?’ ಎಂದು ಕೇಳಿದಳು. ಗಮನವಿಟ್ಟು ಕೇಳಿದೆ. ನನಗೂ ಸಿಗಲಿಲ್ಲ. ತಬಲಾ ತಿಳಿಯದವರಿಗಾಗಿ ಹೇಳುತ್ತೇನೆ: ಬಲಗೈಯ ‘ತಾ’ ಜೊತೆಗೆ ಎಡಗೈ ಡಗ್ಗಾದ ‘ಘೇ’ ಸೇರಿದರೆ ಅದು ‘ಧಾ’. ತೀನ್‌ತಾಲದ ಹದಿನಾರು ಮಾತ್ರೆಗಳಲ್ಲಿ (ತಾಳದ ಎಣಿಕೆಗಳಲ್ಲಿ) ಒಂಬತ್ತನೆಯದು ಖಾಲಿ, ಅಂದರೆ ಚಪ್ಪಾಳೆಯಿಲ್ಲದೆ ಅಂಗೈ ತಿರುಗಿಸಿ ತೋರಿಸುವ ಜಾಗ; ಅದರ ಬೆನ್ನಿಗೇ ಹತ್ತರಿಂದ ಹದಿಮೂರರವರೆಗೆ ಡಗ್ಗಾ ಸುಮ್ಮನಿರುತ್ತದೆ, ‘ತಿನ್ ತಿನ್ ತಾ ತಾ’. ಖಾಲಿ ಕಿವಿಗೆ ತಿಳಿಯುವುದೇ ಆ ಮೌನದಿಂದ. ನನ್ನ ಕಾರಿನಲ್ಲಿ ಡಗ್ಗಾವೇ ಕೇಳುವುದಿಲ್ಲ, ಆದ್ದರಿಂದ ಹದಿನಾರು ಮಾತ್ರೆಯೂ ಖಾಲಿಯೇ.

ಕಾರು 2019ರ ವ್ಯಾಗನ್‌ಆರ್, ಸಿಎನ್‌ಜಿ. ಡಿಕ್ಕಿಯಲ್ಲಿ ಸಿಲಿಂಡರ್ ಕುಳಿತಿದೆ, ಉಳಿದ ಜಾಗದಲ್ಲಿ ಎರಡು ಕೈಚೀಲ ಹಿಡಿದರೆ ಹೆಚ್ಚು. ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಟಚ್‌ಸ್ಕ್ರೀನ್ ಸ್ಟೀರಿಯೊ ಮತ್ತು ಮುಂದಿನ ಎರಡು ಬಾಗಿಲುಗಳಿಗೆ ಹೊಸ ಸ್ಪೀಕರ್ ಹಾಕಿಸಿದ್ದೆ. ಈಗ ಬೇರೆ ಅಂಗಡಿಯವರು 12 ಇಂಚಿನ ಸಬ್‌ವೂಫರ್ (ದಪ್ಪ ಸ್ವರಗಳಿಗೆಂದೇ ಇರುವ ಸ್ಪೀಕರ್) ಪೆಟ್ಟಿಗೆ, ‘2000 ವ್ಯಾಟ್’ ಆಂಪ್ಲಿಫೈಯರ್ ಹಾಕಿಸಿ ಎನ್ನುತ್ತಿದ್ದಾರೆ. ಅಷ್ಟು ದೊಡ್ಡದು ನನಗೆ ಬೇಕೇ? ಸಣ್ಣ ಕಾರಿನ ಬ್ಯಾಟರಿ ತಡೆಯುತ್ತದೆಯೇ? ನಮ್ಮ ಮೇ ತಿಂಗಳ ಬಿಸಿಲಿಗೆ ಆಂಪ್ಲಿಫೈಯರ್ ಉಳಿಯುತ್ತದೆಯೇ? ನನಗೆ ಜೋರು ಬೇಡ. ಡಗ್ಗಾದ ಮೇಲೆ ಅಂಗೈಯ ಬುಡ ಒತ್ತಿ ಜಾರಿಸಿದಾಗ ‘ಘೇ’ ಏರುತ್ತದಲ್ಲ, ಆ ಏರಿಕೆ ಕೇಳಿದರೆ ಸಾಕು.

ಯಾದಗಿರಿ ಸವಾರ

ಸರ್, ನನ್ನ ಕಾರಿನಲ್ಲಿ 12 ಇಂಚಿನದೇ ಇದೆ, ಎರಡು ವರ್ಷವಾಯಿತು. ಸಿನಿಮಾ ಹಾಡು, ಡೊಳ್ಳು, ಮದುವೆ ಬ್ಯಾಂಡು ಇವೆಲ್ಲ ಎದೆಗೆ ಬಂದು ಬಡಿಯುತ್ತವೆ, ನನಗೆ ಬೇಕಾಗಿದ್ದೂ ಅದೇ. ಆದರೆ ಅಮ್ಮನಿಗೆಂದು ವಚನ ಗಾಯನ ಹಾಕಿದರೆ ಹಾಡುವವರ ಗಂಟಲೇ ಊದಿಕೊಂಡಂತೆ ಕೇಳುತ್ತದೆ. ಹಿಂದಿನ ನಂಬರ್ ಪ್ಲೇಟ್ ಕಟಕಟ ಎನ್ನುತ್ತಿತ್ತು, ರಬ್ಬರ್ ಕೊಟ್ಟು ಬಿಗಿಸಬೇಕಾಯಿತು. ಡಿಕ್ಕಿಯಂತೂ ಇಲ್ಲವಾಯಿತು. ನಿಮ್ಮ ಡಿಕ್ಕಿ ಈಗಾಗಲೇ ಸಿಲಿಂಡರಿನ ಪಾಲಾಗಿದೆ. ಸೀಟಿನ ಕೆಳಗೆ ಕೂರುವ ಚಪ್ಪಟೆ ಸಬ್‌ವೂಫರ್ ನೋಡಿ ಸರ್. ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ.

ಹುಮನಾಬಾದ್ ವೈರಿಂಗ್

ಮಾಸ್ತರರೇ, ಹುಮನಾಬಾದಿನಲ್ಲಿ ಹೆದ್ದಾರಿ ಬದಿಗೆ ಇಪ್ಪತ್ತು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದೇನೆ. ದುಡ್ಡು ಬಿಚ್ಚುವ ಮೊದಲು ನನ್ನದೊಂದು ಮಾತು ನಡೆಸಿಕೊಡಿ.

ನೀವು ಹೇಳುವುದನ್ನು ಓದಿದರೆ ಬಾಸ್ ಕಡಿಮೆ ಅಂತಲ್ಲ, ಪೂರಾ ಇಲ್ಲ ಅನ್ನಿಸುತ್ತದೆ. ಸಾಧಾರಣ ಆರಿಂಚಿನ ಬಾಗಿಲು ಸ್ಪೀಕರ್ ಕೂಡ ಡಗ್ಗಾವನ್ನು ಅಷ್ಟಿಷ್ಟು ಕೊಡಲೇಬೇಕು. ಸ್ಟೀರಿಯೊದ ಬ್ಯಾಲೆನ್ಸ್ ತೆಗೆದು ಪೂರ್ತಿ ಬಲಕ್ಕೆ ಸರಿಸಿ ಕೇಳಿ, ಆಮೇಲೆ ನಡುವಿಗೆ ತನ್ನಿ. ಎರಡೂ ಸ್ಪೀಕರ್ ಹಾಡುವಾಗ ಬಾಸ್ ಹೆಚ್ಚಬೇಕು. ಒಂದೇ ಹಾಡುವಾಗ ಇದ್ದದ್ದು ಎರಡೂ ಹಾಡುವಾಗ ಕರಗಿ ಹೋದರೆ, ಒಂದು ಸ್ಪೀಕರಿನ ತಂತಿ ತಿರುಗುಮುರುಗಾಗಿದೆ ಎಂದು ತಿಳಿಯಿರಿ. ಒಂದು ಕೋನ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ದಪ್ಪ ಸ್ವರಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ, ಸಣ್ಣ ಸ್ವರಗಳು ಮಾತ್ರ ಉಳಿಯುತ್ತವೆ. ಅನುಮಾನವಿದ್ದರೆ ಬಾಗಿಲಿನ ಪ್ಯಾನೆಲ್ ಬಿಚ್ಚಿ, ಸ್ಪೀಕರಿನ ತಂತಿಯನ್ನು ಸ್ಟೀರಿಯೊದಿಂದ ಬಿಡಿಸಿ, ಅದಕ್ಕೆ ಗೋಡೆ ಗಡಿಯಾರದ ಸೆಲ್ಲನ್ನು ಒಂದು ಕ್ಷಣ ತಾಗಿಸಿ ನೋಡಿ. ಪ್ಲಸ್ಸಿಗೆ ಪ್ಲಸ್ ತಾಗಿದರೆ ಕೋನ್ ಹೊರಕ್ಕೆ ಬರಬೇಕು.

ಇನ್ನು ಆ 2000 ವ್ಯಾಟಿನ ವಿಷಯ. ಅಂಗಡಿಯಲ್ಲಿ ಆಂಪ್ಲಿಫೈಯರನ್ನು ತಿರುಗಿಸಿ, ಅದಕ್ಕೆ ಚುಚ್ಚಿರುವ ಫ್ಯೂಸ್ ಎಷ್ಟರದು ಎಂದು ಓದಿ. 30 ಆಂಪಿಯರ್ ಎಂದಿದ್ದರೆ, ಎಂಜಿನ್ ಓಡುವಾಗಿನ 13.8 ವೋಲ್ಟಿನಿಂದ ಗುಣಿಸಿ. 414 ವ್ಯಾಟ್ ಬರುತ್ತದೆ. ಒಳಗೆ ಹೋಗುವುದೇ ಅಷ್ಟು, ಅದರಲ್ಲೂ ಕಾಲು ಭಾಗ ಶಾಖವಾಗಿ ಹೋಗುತ್ತದೆ, ಉಳಿಯುವುದು ಮುನ್ನೂರರ ಆಸುಪಾಸು. ಹೊರಗೆ 2000 ಎಲ್ಲಿಂದ ಬರಬೇಕು? ನೀವು ಗಣಿತದವರು, ನಿಮಗೆ ಹೆಚ್ಚು ಹೇಳಬೇಕಿಲ್ಲ. ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಎಂದು ಬರೆದ ಸಂಖ್ಯೆಯನ್ನು ಮಾತ್ರ ನಂಬಿರಿ. ನಿಮಗೆ ಸೀಟಿನ ಕೆಳಗಿನ 8 ಇಂಚಿನದು, 150 ವ್ಯಾಟ್ ಆರ್‌ಎಂಎಸ್ ಇದ್ದರೆ ಧಾರಾಳ. ಅದು ಪೂರ್ತಿ ದುಡಿದರೂ ಎಳೆಯುವುದು ಸುಮಾರು 15 ಆಂಪಿಯರ್. ಎಂಜಿನ್ ಓಡುತ್ತಿದ್ದರೆ ನಿಮ್ಮ ಆಲ್ಟರ್ನೇಟರಿಗೆ ಇದು ಭಾರವಲ್ಲ. ಎಂಜಿನ್ ನಿಲ್ಲಿಸಿ ತಾಸುಗಟ್ಟಲೆ ಕೇಳಬೇಡಿ, ಅಷ್ಟೇ. ಕೊಳ್ಳುವ ಮೊದಲು ಸೀಟನ್ನು ಹಿಂದೆ ಮುಂದೆ ಸರಿಸಿ, ಕೆಳಗಿನ ಎತ್ತರವನ್ನು ಪಟ್ಟಿಯಿಂದ ಅಳೆದುಕೊಳ್ಳಿ.

ತಂತಿಯ ಕೆಲಸದಲ್ಲಿ ಮಾತ್ರ ರಾಜಿ ಬೇಡ. ಸಿಗರೇಟ್ ಲೈಟರಿನ ಸಾಕೆಟ್ಟಿನಿಂದ ಕರೆಂಟ್ ಕೊಡುತ್ತೇನೆ ಎಂದವರ ಅಂಗಡಿಯಿಂದ ಎದ್ದು ಬನ್ನಿ. ಬ್ಯಾಟರಿಯಿಂದ ನೇರ ತಂತಿ ಬರಬೇಕು, 8 ಗೇಜಿನದು, ಅಪ್ಪಟ ತಾಮ್ರದ್ದು. ಮಾರುಕಟ್ಟೆಯಲ್ಲಿ ತಾಮ್ರ ಲೇಪಿಸಿದ ಅಲ್ಯುಮಿನಿಯಂ ತಂತಿಯೇ ಹೆಚ್ಚು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ಬೇಡ. ಬ್ಯಾಟರಿಯಿಂದ ಒಂದು ಮೊಳದೊಳಗೆ, ಸಾಧ್ಯವಾದರೆ ಒಂದು ಗೇಣಿನೊಳಗೆ ಫ್ಯೂಸ್ ಕೂರಬೇಕು. ಈ ಫ್ಯೂಸ್ ಆಂಪ್ಲಿಫೈಯರನ್ನು ಕಾಯಲಿಕ್ಕಲ್ಲ, ತಂತಿಯನ್ನು ಕಾಯಲಿಕ್ಕೆ. ಎಂಜಿನ್ನಿನ ಹಿಂದಿನ ತಗಡಿನಿಂದ ತಂತಿ ಒಳಬರುವ ತೂತಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಇರಲೇಬೇಕು. ಅದಿಲ್ಲದೆ ಎಳೆದ ತಂತಿಯ ಸಿಪ್ಪೆಯನ್ನು ತಗಡಿನ ಅಂಚು ದಿನದಿನವೂ ಉಜ್ಜಿ ಸುಲಿಯುತ್ತದೆ. ಹಾಗೆ ಸುಲಿದು, ಫ್ಯೂಸೂ ಇಲ್ಲದೆ, ಡ್ಯಾಶ್‌ಬೋರ್ಡಿನ ಕೆಳಗೆ ಕರಗಿ ಕಪ್ಪಾದ ತಂತಿಯ ಮುದ್ದೆಯನ್ನು ಈ ಕೈಯಿಂದಲೇ ಬಿಡಿಸಿದ್ದೇನೆ. ಆ ಗಾಡಿಯಲ್ಲಿದ್ದವರು ಹೊಗೆ ಕಂಡು ಇಳಿದಿದ್ದರಿಂದ ಉಳಿದರು. ನಿಮ್ಮದು ಗ್ಯಾಸ್ ಗಾಡಿ. ತಳಕ್ಕೆ ತೂತು ಹೊಡೆಯುವ ಮೊದಲು ಗಾಡಿ ಎತ್ತಿಸಿ, ಗ್ಯಾಸ್ ಮತ್ತು ಪೆಟ್ರೋಲ್ ಪೈಪು ಎಲ್ಲಿ ಹಾದಿವೆ ಎಂದು ನೋಡಲೇಬೇಕು. ಸಿಲಿಂಡರಿನ ಬ್ರಾಕೆಟ್ಟಿಗೆ ಏನನ್ನೂ ಕಟ್ಟಕೂಡದು.

ಅರ್ತಿಂಗಿಗೆ ತಂತಿ ಮೊಳದಷ್ಟಿದ್ದರೆ ಸಾಕು. ಬಾಡಿಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಬಿಗಿಯಬೇಕು.

ಬಿಸಿಲಿನ ಪ್ರಶ್ನೆಗೆ: ಸೀಟಿನ ಕೆಳಗೆ ನೇರ ಬಿಸಿಲು ಬೀಳದು. ಬಿಸಿ ಹೆಚ್ಚಾದರೆ ಒಳ್ಳೆಯ ಆಂಪ್ಲಿಫೈಯರ್ ತಾನೇ ಆರಿ, ತಣಿದ ಮೇಲೆ ಮತ್ತೆ ಹಾಡುತ್ತದೆ. ಶಾಲೆ ಬಿಟ್ಟ ಮೇಲೆ ಕಿಟಕಿ ಇಳಿಸಿ ಐದು ನಿಮಿಷ ಬಿಸಿಗಾಳಿ ಹೊರಗೆ ಹೋಗಲಿ, ಆಮೇಲೆ ಸಂಗೀತ.

ಆಳಂದ ಮಾಸ್ತರ್ (ಮರುದಿನ)

ಅಣ್ಣಾ, ನಿಮಗೆ ಹೇಗೆ ಧನ್ಯವಾದ ಹೇಳಲಿ! ಬ್ಯಾಲೆನ್ಸ್ ಬಲಕ್ಕೆ ಸರಿಸಿದೆ, ಡಗ್ಗಾ ಇತ್ತು. ಎಡಕ್ಕೆ ಸರಿಸಿದೆ, ಅಲ್ಲೂ ಇತ್ತು. ನಡುವಿಗೆ ತಂದೆ, ಮಾಯ. ಮಗಳು ಪಕ್ಕದಲ್ಲೇ ಕುಳಿತು ಹತ್ತು ಸಲ ಹಾಗೆ ಮಾಡಿಸಿದಳು. ಸಂಜೆ ಎಡ ಬಾಗಿಲಿನ ಪ್ಯಾನೆಲ್ ಬಿಚ್ಚಿ ಸೆಲ್ ತಾಗಿಸಿದರೆ ಕೋನ್ ಒಳಕ್ಕೆ ಸರಿಯಿತು. ಮೂರು ವರ್ಷ ನಾನು ಒಂದು ತಿರುಚಿದ ತಂತಿಯ ಮೂಲಕ ಸಂಗೀತ ಕೇಳಿದ್ದೇನೆ. ಎಷ್ಟೋ ರೆಕಾರ್ಡಿಂಗುಗಳ ಬಗ್ಗೆ ‘ತಬಲಾ ಸಪ್ಪೆ’ ಎಂದುಕೊಂಡಿದ್ದೆ. ಅವನ್ನೆಲ್ಲ ಮತ್ತೆ ಕೇಳಬೇಕು.

ತಂತಿ ಬದಲಿಸಿದ ಮೇಲೆ ‘ಧಾ’ ಮರಳಿದೆ. ಆದರೆ ರಸ್ತೆಗೆ ಇಳಿದರೆ ಟೈರಿನ ಸದ್ದಿನಲ್ಲಿ ಅರ್ಧ ಮುಳುಗುತ್ತದೆ, ವಿಲಂಬಿತ ಏಕ್‌ತಾಲದಲ್ಲಿ ‘ಘೇ’ ಎಳೆಯುವುದು ಇನ್ನೂ ತೆಳುವಾಗಿದೆ. ಆದ್ದರಿಂದ ಸೀಟಿನ ಕೆಳಗಿನದನ್ನು ಹಾಕಿಸುವುದೆಂದು ನಿಶ್ಚಯಿಸಿದ್ದೇನೆ. 8 ಇಂಚು ನಿಜವಾಗಿಯೂ ಸಾಲುತ್ತದೆಯೇ?

ಬೀದರ್ ಭೌತಶಾಸ್ತ್ರ

ನಮಸ್ಕಾರ ಸರ್. ಬೀದರಿನಲ್ಲಿ ಪಿಯು ವಿದ್ಯಾರ್ಥಿನಿಯರಿಗೆ ಭೌತಶಾಸ್ತ್ರ ಹೇಳುತ್ತೇನೆ. ನಿಮ್ಮ ಪ್ರಶ್ನೆಯನ್ನು ಇಂದು ತರಗತಿಯಲ್ಲೇ ಎತ್ತಿಕೊಂಡೆ. 80 ಹರ್ಟ್ಜ್ ಸದ್ದಿನ ಅಲೆಯ ಉದ್ದ ಸುಮಾರು 4.3 ಮೀಟರ್, ನಿಮ್ಮ ಇಡೀ ಕಾರಿಗಿಂತ ಹೆಚ್ಚು. ಇನ್ನೂ ಕೆಳಗಿಳಿದಂತೆ ಮುಚ್ಚಿದ ಕಾರಿನೊಳಗೆ ಅಲೆ ಹರಡಿಹೋಗಲು ಜಾಗವೇ ಇರದು. ಒಳಗಿನ ಗಾಳಿಯ ಒತ್ತಡವೇ ಒಟ್ಟಾಗಿ ಏರಿಳಿಯುತ್ತದೆ. ಅದಕ್ಕೇ ಮನೆಯ ಹಾಲಿನಲ್ಲಿ ಬಡವಾಗಿ ಕೇಳುವ ಸಣ್ಣ ವೂಫರ್ ಕಾರಿನಲ್ಲಿ ತುಂಬಿಕೊಂಡು ಕೇಳುತ್ತದೆ. ಕಾರು ಸಣ್ಣದಾಗಿರುವುದು ನಿಮಗೆ ಅನುಕೂಲವೇ. ಕಿಟಕಿ ಇಳಿಸಿದರೆ ಆ ಒತ್ತಡ ಸೋರಿಹೋಗುತ್ತದೆ, ಆದ್ದರಿಂದ ಹೊಂದಿಸುವಾಗ ಕಿಟಕಿ ಮುಚ್ಚಿರಲಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸಾಮಾನ್ಯವಾಗಿ ಸಬ್‌ವೂಫರನ್ನು 80 ಹರ್ಟ್ಜಿಗೆ ಕತ್ತರಿಸಿ ಬಿಡುತ್ತಾರೆ, ಅಂದರೆ ಅದಕ್ಕಿಂತ ಮೇಲಿನ ಸ್ವರ ಅದಕ್ಕೆ ಹೋಗದಂತೆ ತಡೆಯುತ್ತಾರೆ; ಆ ಗುಂಡಿಯೇ ಲೋ ಪಾಸ್. ಡಗ್ಗಾದ ನಾದ 100 ಹರ್ಟ್ಜಿನ ಆಚೆ ಈಚೆಯೂ ಓಡಾಡುತ್ತದೆ, ಅಂಗೈ ಒತ್ತಿದಂತೆ ಮೇಲಕ್ಕೆ ಏರುತ್ತದೆ. ನಿಮ್ಮ ಬಾಗಿಲು ಸ್ಪೀಕರ್ ಅಲ್ಲಿ ದುರ್ಬಲವಾಗಿದ್ದರೆ, ಏರುವ ‘ಘೇ’ ನಡುದಾರಿಯಲ್ಲಿ ಒಂದು ಹಳ್ಳಕ್ಕೆ ಬಿದ್ದಂತಾಗುತ್ತದೆ. ಲೋ ಪಾಸನ್ನು 100ರ ಹತ್ತಿರ ಇಟ್ಟು ಕೇಳಿ. 120 ದಾಟಿಸಬೇಡಿ, ದಾಟಿದರೆ ತಬಲಾ ಸೀಟಿನ ಕೆಳಗೆ ಕುಳಿತಿದೆ ಎಂದು ಕಿವಿ ಪತ್ತೆ ಹಚ್ಚಿಬಿಡುತ್ತದೆ. ಫೇಸ್ ಗುಂಡಿಯನ್ನು 0ಗೂ 180ಕ್ಕೂ ಬದಲಿಸಿ, ಚಾಲಕನ ಸೀಟಿನಲ್ಲಿ ಯಾವುದು ತುಂಬಿಕೊಂಡು ಕೇಳುತ್ತದೋ ಅದನ್ನು ಉಳಿಸಿಕೊಳ್ಳಿ. ನಿಮ್ಮ ತಿರುಗಿದ ತಂತಿಯ ಪಾಠವೇ ಇಲ್ಲೂ.

ಆಳಂದ ಮಾಸ್ತರ್ (ಮೂರು ವಾರದ ನಂತರ)

ಹಾಕಿಸಿದೆ. ಎಡ ಸೀಟಿನ ಕೆಳಗೆ, 8 ಇಂಚಿನದು. ಕೂರಿಸಿದ ದಿನ ಮನೆಗೆ ಬರುವಾಗ ಆ್ಯಕ್ಸಲರೇಟರ್ ಒತ್ತಿದಂತೆಲ್ಲ ಸೊಳ್ಳೆಯ ಹಾಗೆ ‘ಕುಂಯ್’ ಎಂದು ಏರುವ ಸದ್ದು. ಅಣ್ಣನ ಮಾತು ನೆನಪಾಗಿ ಅರ್ತಿಂಗ್ ಬೋಲ್ಟ್ ಬಿಚ್ಚಿ ನೋಡಿದೆ. ಬಣ್ಣದ ಮೇಲೆಯೇ ಬಿಗಿದಿದ್ದರು. ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಿಗಿದೆ. ಸಿಗ್ನಲ್ ತಂತಿ ಮತ್ತು ಬ್ಯಾಟರಿ ತಂತಿ ಒಂದೇ ಬದಿಯಲ್ಲಿ ಜೋಡಿಯಾಗಿ ಓಡುತ್ತಿದ್ದವು, ಅವನ್ನು ಬೇರೆ ಮಾಡಿ ಒಂದನ್ನು ಬಲಗಡೆಯಿಂದ ತಂದೆ. ಸದ್ದು ನಿಂತಿತು.

ಗೇನ್, ಅಂದರೆ ಸ್ಟೀರಿಯೊದಿಂದ ಬರುವ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿ, ಸರಿಮಾಡುವುದಕ್ಕೆ ಒಂದು ಇಡೀ ರವಿವಾರ ಕೊಟ್ಟೆ. ಅದು ವಾಲ್ಯೂಮ್ ಗುಂಡಿಯಲ್ಲ ಎನ್ನುವುದು ಕೈಗೆ ತಿಳಿದದ್ದು ಆಗ. ಸ್ಟೀರಿಯೊವನ್ನು ಮುಕ್ಕಾಲಿಗೆ ಇಟ್ಟು, ಗೇನನ್ನು ಸೊನ್ನೆಯಿಂದ ಕೂದಲೆಳೆಯಷ್ಟೇ ಏರಿಸುತ್ತಾ ಹೋದೆ. ಒಂದು ಹಂತದಲ್ಲಿ ಡಗ್ಗಾ ತಬಲಾದ ಜೋಡಿಯಾಗಿ ಕುಳಿತಿತು. ಅಲ್ಲಿಂದ ಕಾಲು ಸುತ್ತು ಮುಂದೆ ಹೋದರೆ ಒಡೆದ ಮಡಕೆಯ ಸದ್ದು. ಹಿಂದಕ್ಕೆ ತಂದು ನಿಲ್ಲಿಸಿದೆ. ಲೋ ಪಾಸ್ 100, ಫೇಸ್ 180. ಮೇಡಂ, ನೀವು ಹೇಳಿದ ಹಳ್ಳ 80ರಲ್ಲಿ ನಿಜವಾಗಿಯೂ ಇತ್ತು, ಕಿವಿಯಿಂದಲೇ ಕಂಡೆ.

ನಿನ್ನೆ ಮಗಳೊಂದಿಗೆ ಹೊರಟಾಗ ಅದೇ ಬಂದಿಶ್ ಹಾಕಿದೆ, ಏನೂ ಹೇಳಲಿಲ್ಲ. ತೊಡೆಯ ಮೇಲೆ ಮಾತ್ರೆ ಎಣಿಸುತ್ತಿದ್ದವಳು ಒಂಬತ್ತಕ್ಕೆ ಅಂಗೈಯನ್ನು ಮೇಲಕ್ಕೆ ತಿರುಗಿಸಿ ಖಾಲಿ ತೋರಿಸಿದಳು. ಮುಂದಿನ ಆವರ್ತನದಲ್ಲೂ ಸರಿಯಾಗಿ ತೋರಿಸಿದಳು.

ಒಂದು ಕೊರತೆ ಉಳಿದಿದೆ. ಕೆಲವು ‘ಘೇ’ಗಳಿಗೆ ಎಡ ಬಾಗಿಲಿನ ಪ್ಯಾನೆಲ್ ಜರ್‍ರೆನ್ನುತ್ತದೆ. ಅಂಗೈಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಏನು ಮಾಡಲಿ?

ಹುಮನಾಬಾದ್ ವೈರಿಂಗ್

ಬಿಚ್ಚಿದಾಗ ಒಂದು ಕ್ಲಿಪ್ ಮುರಿದಿರುತ್ತದೆ ಮಾಸ್ತರರೇ. ಹೊಸ ಕ್ಲಿಪ್ ಹಾಕಿ, ಪ್ಯಾನೆಲ್ಲಿನ ಅಂಚಿಗೆ ತೆಳು ಫೋಮ್ ಪಟ್ಟಿ ಅಂಟಿಸಿ. ಬಾಗಿಲಿನ ಒಳ ತಗಡಿನ ದೊಡ್ಡ ತೂತುಗಳನ್ನು ಬ್ಯುಟೈಲ್ ಹಾಳೆಯಿಂದ (ಅಂಟಿಕೊಳ್ಳುವ ರಬ್ಬರ್ ಹಾಳೆಯಿಂದ) ಮುಚ್ಚಿಸಿದರೆ ಬಾಗಿಲು ಸ್ಪೀಕರಿನ ಬಾಸೂ ಇನ್ನಷ್ಟು ಗಟ್ಟಿಯಾಗುತ್ತದೆ. ಮಳೆ ನೀರು ಹರಿದು ಹೋಗುವ ಕೆಳಗಿನ ಸಣ್ಣ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ.