ಹಳೇ ಪಿಸಿಗೆ ದುಡ್ಡು ಹಾಕಲೋ, ಪಿಎಸ್5 ತರಲೋ, ಕ್ಲೌಡೇ ಸಾಕೋ?

ಸಾಗರದ ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಪಿಸಿ. ಐ5-7400 ಪ್ರೊಸೆಸರ್, 8 ಜಿಬಿ ರ‍್ಯಾಮ್, 1050 ಟಿಐ ಗ್ರಾಫಿಕ್ಸ್ ಕಾರ್ಡ್. ಹಗಲು ಹೆಂಡತಿ ಇದರಲ್ಲೇ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಹಾಕಿಕೊಂಡು ಡಿಟಿಪಿ ಕೆಲಸ ಮಾಡುತ್ತಾಳೆ. ಮಗಳು ಮಲಗಿದ ಮೇಲೆ, ಹತ್ತರಿಂದ ಹನ್ನೆರಡು, ನನ್ನ ಪಾಳಿ. ಏಜ್ ಆಫ್ ಎಂಪೈರ್ಸ್ 2 ಆಟ ಈಗಲೂ ಸಲೀಸಾಗಿ ಓಡುತ್ತದೆ. ಎಲ್ಡನ್ ರಿಂಗ್ ಹಾಕಿದರೆ ಮಾತ್ರ ಫ್ಯಾನ್ ಮಿಕ್ಸಿ ಥರ ಕೂಗುತ್ತದೆ. ಕುದುರೆ ಹತ್ತಿದರೆ ಕುದುರೆಗಿಂತ ಮೊದಲು ಚಿತ್ರವೇ ಮುಗ್ಗರಿಸುತ್ತದೆ.

ವಿಂಡೋಸ್ 10ರ ಸಪೋರ್ಟ್ ಬೇರೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ನನ್ನ ಪ್ರೊಸೆಸರ್ ಅವರ ಪಟ್ಟಿಯಲ್ಲೇ ಇಲ್ಲ. ಅಡಿಕೆ ಮಾರಿದ ದುಡ್ಡಲ್ಲಿ 50 ಸಾವಿರ ತೆಗೆದಿಟ್ಟಿದ್ದೇನೆ. "ಪಿಸಿ ಕಾಲ ಮುಗೀತು ಭಾವ, ಪಿಎಸ್5 ತಗೊಳ್ಳಿ" ಅನ್ನುತ್ತಾನೆ ಹೆಂಡತಿಯ ತಮ್ಮ, ಸೋನಿಯ ಗೇಮಿಂಗ್ ಪೆಟ್ಟಿಗೆ (ಕನ್ಸೋಲ್) ಅದು. "ಪೆಟ್ಟಿಗೆನೇ ಬೇಡ ಸರ್, ಇನ್ಮೇಲೆ ಎಲ್ಲಾ ಕ್ಲೌಡು" ಅನ್ನುತ್ತಾನೆ ಆಫೀಸಿನ ಹುಡುಗ. ಆಟ ದೂರದ ಸರ್ವರ್‌ನಲ್ಲಿ ಓಡಿ, ಚಿತ್ರ ಮಾತ್ರ ಇಂಟರ್ನೆಟ್‌ನಲ್ಲಿ ನಮ್ಮ ಮನೆಗೆ ಬರುತ್ತದಂತೆ. ಮುಂದಿನ ಏಳೆಂಟು ವರ್ಷಕ್ಕೆ ಯಾವುದನ್ನು ನಂಬಲಿ?

ಎಸ್‌ಪಿ ರೋಡ್ ಹಳೇ ಗಿರಾಕಿ:

ಸರ್, ಮೊದಲು ಒಂದು ಪ್ರಶ್ನೆ. ಪಿಎಸ್5ನಲ್ಲಿ ನುಡಿ ಓಡುತ್ತದಾ? ಇಲ್ಲ ಅಲ್ವಾ. ಅಂದರೆ ಅದನ್ನು ತಂದ ಮೇಲೂ ಮೇಡಂ ಅವರಿಗೆ ಒಂದು ಪಿಸಿ ಬೇಕೇ ಬೇಕು.

ನಾನು 2004ರಲ್ಲಿ ವಿಜಯನಗರದಲ್ಲಿ ಸೈಬರ್ ಕೆಫೆ ಇಟ್ಟಿದ್ದವನು. ಹನ್ನೆರಡು ಮಷಿನ್, ಕಾಲೇಜು ಬಿಟ್ಟ ಮೇಲೆ ಹನ್ನೆರಡರಲ್ಲೂ ಕೌಂಟರ್ ಸ್ಟ್ರೈಕ್. ಪಿಸಿ ಗೇಮಿಂಗ್ ಸತ್ತಿತು ಅಂತ ಆಗಿನಿಂದ ಕೇಳುತ್ತಲೇ ಇದ್ದೇನೆ. ಸತ್ತದ್ದು ನನ್ನ ಕೆಫೆ!

ಕನ್ಸೋಲ್‌ಗೆ ಮುಂಚೆ ಒಂದು ಒಳ್ಳೆಯ ಗುಣ ಇತ್ತು, ಹಳೆಯದಾದಷ್ಟೂ ಅಗ್ಗ. ಈ ಸಲ ಅದೂ ಇಲ್ಲ. ಪಿಎಸ್5 ನಮ್ಮಲ್ಲಿಗೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಮಾಡೆಲ್‌ಗೆ 49,990. ಮುಂದಿನ ವರ್ಷ 54,990 ಆಯಿತು. ಆಡಿ ಮುಗಿಸಿದ ಡಿಸ್ಕ್ ಮಾರಬಹುದು, ಅದೊಂದು ಲಾಭ, ಒಪ್ಪಿದೆ.

ಆದರೆ ಇಡೀ ಹೊಸ ಪಿಸಿಗೂ ಈಗ ಕೈ ಹಾಕಬೇಡಿ. ಎಐ ಡೇಟಾ ಸೆಂಟರ್‌ಗಳ ಕಡೆಗೆ ಮೆಮೊರಿ ಹೋಗಿ 2025ರ ಕೊನೆಗೆ ರ‍್ಯಾಮ್ ರೇಟು ವಿಪರೀತ ಏರಿತು. ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿ ಅಂತೂ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ನಿಮ್ಮಲ್ಲಿರುವ ಮೆಮೊರಿ ಡಿಡಿಆರ್4 ಜಾತಿಯದ್ದು, ಅದನ್ನು ಬಿಸಾಡಬೇಡಿ. ಎಎಂಡಿ ಪ್ರೊಸೆಸರ್ ಕೂರುವ ಎಎಂ4 ಮದರ್‌ಬೋರ್ಡಿಗೆ ಅದೇ ಕೂರುತ್ತದೆ. ಆ ಜಾತಿಯ ಒಂದು ಬಿ550 ಬೋರ್ಡ್, ಒಂದು ರೈಝನ್ 5 5600 ಪ್ರೊಸೆಸರ್. ಕ್ಯಾಬಿನೆಟ್, ಡಿಸ್ಕ್, ಮಾನಿಟರ್ ಎಲ್ಲಾ ಹಳೆಯವೇ. ವಿಂಡೋಸ್ 11ರ ತಲೆನೋವೂ ಹೋಗುತ್ತದೆ. ಕಾರ್ಡ್ ಮುಂದಿನ ಅಡಿಕೆ ಕೊಯ್ಲಿಗೆ ನೋಡಿಕೊಳ್ಳಿ. ಹೀಗೆ ಕಂತುಕಂತಾಗಿ ಬದಲಾಯಿಸಲು ಬೇರೆ ಯಾವ ಪೆಟ್ಟಿಗೆಯೂ ಬಿಡುವುದಿಲ್ಲ.

ತೀರ್ಥಹಳ್ಳಿ ಮಳೆ:

ಕ್ಲೌಡ್ ಬಗ್ಗೆ ನಾನು ಹೇಳುತ್ತೇನೆ, ದುಡ್ಡು ಕೊಟ್ಟು ಕಲಿತಿದ್ದೇನೆ. ನಮ್ಮ ಕಡೆ ಆಟಕ್ಕೆ ಪುರುಸೊತ್ತು ಸಿಗುವುದೇ ಜುಲೈ ಮಳೆಯಲ್ಲಿ. ಮರ ಬಿದ್ದು ಫೈಬರ್ ಹರಿಯುವುದೂ ಅದೇ ಜುಲೈನಲ್ಲಿ. ಹೋದ ವರ್ಷ ನಾಲ್ಕು ದಿನ ಲೈನ್ ಇರಲಿಲ್ಲ. ಕರೆಂಟ್ ಹೋದರೆ ಇನ್ವರ್ಟರ್ ಇದೆ, ಫೈಬರ್‌ಗೆ ಏನು ಮಾಡುವುದು?

ಲೈನ್ ಇದ್ದಾಗಲೂ ದೂರ ದೂರವೇ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 1000 ಕಿಲೋಮೀಟರ್ ಆಚೆ ಇದ್ದರೆ ಹೋಗಿಬರಲು ಬರೀ ಬೆಳಕಿಗೇ 10 ಮಿಲಿಸೆಕೆಂಡ್. ಸೆಕೆಂಡಿಗೆ 60 ಫ್ರೇಮ್‌ನ ಆಟದಲ್ಲಿ ಒಂದು ಫ್ರೇಮಿಗೆ, ಅಂದರೆ ಒಂದು ಚಿತ್ರಕ್ಕೆ, ಸಿಗುವುದೇ 16.7 ಮಿಲಿಸೆಕೆಂಡ್. ಇದರ ಮೇಲೆ ವಿಡಿಯೊ ಕಟ್ಟಿ ಕಳಿಸುವ, ಬಿಚ್ಚಿ ತೋರಿಸುವ ಹೊತ್ತು. ಎಲ್ಡನ್ ರಿಂಗ್‌ನಲ್ಲಿ ಉರುಳುವ ಬಟನ್ ಒತ್ತಿದೆ, ನನ್ನವನು ಸತ್ತು ಬಿದ್ದ ಮೇಲೆ ಉರುಳುವ ಮನಸ್ಸು ಮಾಡಿದ ಹಾಗಿತ್ತು.

ಮ್ಯೂನಿಕ್ ಮಾಣಿ:

ನಾನು ಗೂಗಲ್‌ನ ಕ್ಲೌಡ್ ಗೇಮಿಂಗ್ ಸೇವೆ ಸ್ಟೇಡಿಯಾದಲ್ಲಿ ಆಡಿದವನು. 2019ರ ನವೆಂಬರ್‌ನಲ್ಲಿ ಶುರು, 2023ರ ಜನವರಿ 18ಕ್ಕೆ ಬಂದ್. ಆಟಗಳ ದುಡ್ಡು ವಾಪಸ್ ಕೊಟ್ಟರು, ಸುಳ್ಳು ಹೇಳಬಾರದು. ಕಂಟ್ರೋಲರ್‌ಗೆ ಬ್ಲೂಟೂತ್ ಕೂಡ ತೆರೆದುಕೊಟ್ಟರು, ಈಗ ಅದನ್ನೇ ಪಿಸಿಗೆ ಹಾಕಿ ಆಡುತ್ತೇನೆ. ಆದರೆ ಅರವತ್ತು ಗಂಟೆ ಆಡಿ ಉಳಿಸಿದ್ದ ಸೇವ್ ಹೋಯಿತು.

ಹಾಗಂತ ತೀರ್ಥಹಳ್ಳಿಯವರಷ್ಟು ಕಟುವಾಗಿ ಹೇಳಲಾರೆ. ಇಲ್ಲಿ ಸರ್ವರ್ ಹತ್ತಿರ ಇದೆ, ನಿಧಾನದ ಆಟಗಳಿಗೆ ತೊಂದರೆಯೇ ಗೊತ್ತಾಗುವುದಿಲ್ಲ. ಜಿಫೋರ್ಸ್ ನೌ ಥರದ ಕ್ಲೌಡ್ ಸೇವೆಯಾದರೆ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ನಿಮ್ಮ ಆಟವನ್ನೇ ಆಡುತ್ತೀರಿ. ಸೇವೆ ನಿಂತರೂ ಆಟ ನಿಮ್ಮ ಖಾತೆಯಲ್ಲಿರುತ್ತದೆ. ಸ್ಟೀಮ್‌ನಲ್ಲೂ ಸಿಗುವುದು ಲೈಸೆನ್ಸ್ ಅಷ್ಟೇ ಅನ್ನುವುದು ಬೇರೆ ಮಾತು. ಪೂರ್ತಿ ಕೈಗೆ ಬೇಕಂದರೆ ಜಿಒಜಿ ಎಂಬ ಇನ್ನೊಂದು ಅಂಗಡಿಯಲ್ಲಿ ಕೊಂಡು ಇನ್‌ಸ್ಟಾಲರ್ ಇಳಿಸಿಟ್ಟುಕೊಳ್ಳಿ.

ಸಾಗರದ ರಾತ್ರಿಪಾಳಿ:

ನುಡಿ ಮಾತು ಹೆಂಡತಿಗೆ ಓದಿ ಹೇಳಿದೆ. "ಬೋರ್ಡು, ಪ್ರೊಸೆಸರ್ ತನ್ನಿ. ಉಳಿದದ್ದರಲ್ಲಿ ನನಗೊಂದು ಪ್ರಿಂಟರ್" ಅಂದಳು. ಅಲ್ಲಿಗೆ ಬಜೆಟ್ ಮುಗಿಯಿತು. ಹಳೇ ಗಿರಾಕಿ ಅಣ್ಣ, ಪಿಸಿಗೆ ಕರೆಂಟ್ ಕೊಡುವ ನನ್ನ ಪೆಟ್ಟಿಗೆ ಆಗ ಹಾಕಿಸಿದ್ದ 450 ವ್ಯಾಟಿನ ಎಸ್‌ಎಂಪಿಎಸ್. ಅದನ್ನೇ ಇಟ್ಟುಕೊಳ್ಳಬಹುದಾ, ಅದೂ ಹೋಗಬೇಕಾ?