ಏಳು ವರ್ಷ ಗಡೀಪಾರು ಆದ ಇಂಗ್ಲೆಂಡಿನ ಕೈದಿ ಕಡೀಗೆ ಏನಾದ? ಹೆಂಗ ಹುಡುಕಬೇಕು?

ಕಲಬುರಗಿ ವಿದ್ಯಾರ್ಥಿ:
ನಮಸ್ಕಾರ್ರಿ. ಎಂ.ಎ. ಪ್ರಾಜೆಕ್ಟಿಗೆ ಗಡೀಪಾರು ಶಿಕ್ಷೆ ವಿಷಯ ತಗೊಂಡೀನಿ. ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನ ದಾಖಲೆ ಆನ್‌ಲೈನ್‌ನ್ಯಾಗ ಪುಕ್ಕಟೆ ಸಿಗ್ತಾವ. ಅದರಾಗ 1832ರಲ್ಲಿ ಕಳವಿಗೆ ಏಳು ವರ್ಷ ಗಡೀಪಾರು ಆದ ಒಬ್ಬ ಕೂಲಿಯವನ ಕೇಸ್ ಅದ. ತೀರ್ಪಿನ ಮುಂದ ಏನೂ ಇಲ್ಲ. ಇಂಥವರು ಅಂಡಮಾನಿನ ಸೆಲ್ಯುಲರ್ ಜೈಲಿನ ಹಂಗ ಕೋಣ್ಯಾಗ ಕೂತು, ಶಿಕ್ಷೆ ಮುಗಿಸಿ ಊರಿಗೆ ಬರ್ತಿದ್ರೇನು? ಮುಂದಿನ ದಾಖಲೆ ಎಲ್ಲಿ ನೋಡಬೇಕು?

ಬೀದರ ಮಾಸ್ತರ:
ಸೆಲ್ಯುಲರ್ ಜೈಲನ್ನ ಮೊದಲು ತಲೆಯಿಂದ ತೆಗೀರಿ. ಅದು ಕಟ್ಟಿದ್ದು 1896ರಿಂದ 1906ರ ತನಕ. 1788ರಿಂದ 1868ರ ನಡುವ ಆಸ್ಟ್ರೇಲಿಯಾಕ್ಕ ಹೋದ ಸುಮಾರು 1,62,000 ಕೈದಿಗಳಾಗ ಬಹಳ ಮಂದಿ ಕೋಣ್ಯಾಗ ಕೂತವರಲ್ಲ, ಅವರ ದುಡಿಮೆ ಬೇಕಾಗಿತ್ತು. ಹಡಗು ಇಳಿದ ಕೂಡ್ಲೇ ಕಸುಬು ಕೇಳಿ ಬರ್ಕೊಂಡು ರೈತರಿಗೆ, ವ್ಯಾಪಾರಿಗಳಿಗೆ ಹಂಚ್ತಿದ್ರು. ಧಣಿ ಊಟ, ಬಟ್ಟಿ, ಇರಲಾಕ ಜಾಗ ಕೊಡಬೇಕು, ಪಗಾರ ಕೊಡಬೇಕಂತಿಲ್ಲ. ಧಣಿ ತಾನೇ ಹೊಡಿಯೋ ಹಂಗಿರಲಿಲ್ಲ, ಮ್ಯಾಜಿಸ್ಟ್ರೇಟನ ಮುಂದ ನಿಲ್ಲಿಸಬೇಕಿತ್ತು. ಆದ್ರ ಆ ಮ್ಯಾಜಿಸ್ಟ್ರೇಟ ಎಷ್ಟೋ ಕಡೆ ಬಾಜೂಕಿನ ಜಮೀನ್ದಾರನೇ! ಎದುರು ಮಾತಾಡಿದ್ರ, ಕುಡಿದ್ರ, ಹೇಳದೆ ಹೋದ್ರ 25 ಇಲ್ಲಾ 50 ಚಾಟಿ ಏಟು, ಇಲ್ಲಂದ್ರ ಕಾಲಿಗೆ ಬೇಡಿ ಹಾಕಿ ರಸ್ತೆ ಕೆಲಸ. ದೊಡ್ಡ ತಪ್ಪಿಗೆ ಪೋರ್ಟ್ ಆರ್ಥರ್, ಅಂದ್ರ ಟ್ಯಾಸ್ಮೇನಿಯಾದಾಗಿನ ಕಠಿಣ ಶಿಕ್ಷೆಯ ಕೈದಿ ನೆಲೆ.

ನಡತೆ ಚಲೋ ಇದ್ರ ಟಿಕೆಟ್ ಆಫ್ ಲೀವ್ ಸಿಗ್ತಿತ್ತು: ಗೊತ್ತುಮಾಡಿದ ಜಿಲ್ಲೆಯೊಳಗೇ ಇದ್ದು, ಹಾಜರಿ ಹಾಕಿ, ಸ್ವಂತಕ್ಕ ದುಡಿಯೋ ಪರವಾನಗಿ. ನ್ಯೂ ಸೌತ್ ವೇಲ್ಸಿನ ನಿಯಮದಾಗ ಏಳು ವರ್ಷದವನಿಗೆ 4 ವರ್ಷಕ್ಕ, ಹದಿನಾಲ್ಕು ವರ್ಷದವನಿಗೆ 6ಕ್ಕ, ಜೀವಾವಧಿಯವನಿಗೆ 8ಕ್ಕ.

ಅವಧಿ ಮುಗಿದ ಮ್ಯಾಲೆ ಬಿಡುಗಡೆ ಪತ್ರ ಕೊಡ್ತಿದ್ರು, ಹಡಗಿನ ಖರ್ಚು ಕೊಡ್ತಿರಲಿಲ್ಲ. ಸುಮಾರು ನಾಲ್ಕು ತಿಂಗಳ ಪ್ರಯಾಣದ ರೊಕ್ಕ ಕೂಲಿಯವನಿಗೆ ಎಲ್ಲಿಂದ ಬರಬೇಕು? ಅವಧಿಗೆ ಮೊದಲೇ ಓಡಿ ಬಂದು ಸಿಕ್ಕಿಬಿದ್ರ, 1834ರ ತನಕ ಆ ಅಪರಾಧಕ್ಕ ಗಲ್ಲು ಶಿಕ್ಷೆ ಇತ್ತು. ಹೆಚ್ಚಿನವರು ಅಲ್ಲೇ ಉಳಿದು ಅಲ್ಲೇ ಮಣ್ಣಾದ್ರು.

ದಫ್ತರ ಪ್ರೇಮಿ, ಯಾದಗಿರಿ:
ಹುಡುಕೋ ಕ್ರಮ ಹೇಳ್ತೀನಿ. ಆತ ಹಡಗು ಹತ್ತಿದ್ದು ಖರೆ ಏನು ಅಂತ ಮೊದಲು ಖಾತ್ರಿ ಮಾಡ್ಕೋರಿ. ಗಡೀಪಾರು ಶಿಕ್ಷೆ ಆದ ಎಷ್ಟೋ ಮಂದಿ ಥೇಮ್ಸ್ ನದ್ಯಾಗ ನಿಲ್ಲಿಸಿದ್ದ ಹಳೇ ಹಡಗುಗಳೊಳಗೇ, ಅಂದ್ರ ಹಲ್ಕ್‌ಗಳೊಳಗೇ, ಶಿಕ್ಷೆ ಮುಗಿಸ್ಯಾರ. ಲಂಡನ್ನಿನ ಕ್ಯೂದಾಗಿರೋ ನ್ಯಾಷನಲ್ ಆರ್ಕೈವ್ಸ್‌ನ ಎಚ್‌ಓ 11 ಸರಣಿ, ಅಂದ್ರ ಗಡೀಪಾರು ಕೈದಿಗಳ ಪಟ್ಟಿ, ನೋಡ್ರಿ. ಹಡಗಿನ ಹೆಸರು, ಶಿಕ್ಷೆಯಾದ ಜಾಗ, ತಾರೀಖು, ಅವಧಿ ಅದರಾಗ ಅವ.

ಹಡಗಿನ ಹೆಸರು ಸಿಕ್ಕರ ಅರ್ಧ ಕೆಲಸ ಆಯ್ತು. ಕೈದಿಯ ಗುರುತೇ ಹೆಸರು ಮತ್ತ ಹಡಗು, ಎರಡೂ ಕೂಡಿ. ಬರೇ ಜಾನ್ ಸ್ಮಿತ್ ಅಂತ ಹುಡುಕಿದ್ರ ನಾಲ್ಕು ಮಂದಿಯ ಬಾಳು ಒಬ್ಬನ ತಲೆಗೆ ಕಟ್ಟಿಬಿಡ್ತೀರಿ. ಇದರಾಗ ಎಲ್ಲಕ್ಕಿಂತ ಹೆಚ್ಚು ಆಗೋ ತಪ್ಪು ಇದೇ. ಹಡಗು ವ್ಯಾನ್ ಡೀಮನ್ಸ್ ಲ್ಯಾಂಡಿಗೆ, ಅಂದ್ರ ಈಗಿನ ಟ್ಯಾಸ್ಮೇನಿಯಾಕ್ಕ, ಹೋಗಿದ್ರ ನಿಮ್ಮ ಪುಣ್ಯ. ಅಲ್ಲಿನ ಸರ್ಕಾರಿ ದಫ್ತರದ ಕೈದಿ ದಾಖಲೆಗಳಾಗ ಸಿಓಎನ್ 31 ಅನ್ನೋ ಸರಣಿಯ ನಡತೆ ಪುಸ್ತಕದಾಗ ಆ ಕಾಲದ ಗಂಡಸರ ಒಂದೊಂದು ತಪ್ಪು, ಧಣಿಯ ಹೆಸರು, ತಾರೀಖು, ಕೊಟ್ಟ ಶಿಕ್ಷೆ ಎಲ್ಲಾ ಬರೆದಾರ. ಪುಟಗಳ ಚಿತ್ರ ಪುಕ್ಕಟೆ ನೋಡಬಹುದು. ಅಕ್ಷರ ಸಣ್ಣವು, ಸಂಕ್ಷೇಪ ಬಹಳ. ದೊಡ್ಡದು ಮಾಡಿ ಓದ್ರಿ.

ಬಿಡುಗಡೆ ಆದ ಮ್ಯಾಲೆ ಹೆಸರು ಮಾಯ ಆಗ್ತದ. ಸತ್ತ ಅಂತಲ್ಲ, ಸ್ವತಂತ್ರ ಮನುಷ್ಯನ ಲೆಕ್ಕ ಯಾರೂ ಇಡ್ತಿರಲಿಲ್ಲ. ಆಗ ಮದುವಿ, ಮರಣದ ನೋಂದಣಿ ಮತ್ತ ಆಸ್ಟ್ರೇಲಿಯಾದ ಟ್ರೋವ್ ಅನ್ನೋ ಆನ್‌ಲೈನ್ ತಾಣದಾಗಿನ ಹಳೇ ಪೇಪರು ನೋಡಬೇಕು. ಬಹಳ ಮಂದಿ ಕಡಲು ದಾಟಿ ಮೆಲ್ಬರ್ನ್ ಕಡೆ ಹೋಗ್ಯಾರ, ಅಲ್ಲೂ ಹುಡುಕ್ರಿ.

ಸುರಪುರದ ಓದುಗ:
ತೀರ್ಪೇ ಬೇರೆ, ಆಗಿದ್ದೇ ಬೇರೆ ಅನ್ನಲಾಕ ನಮ್ಮ ಕಡೀದೇ ಉದಾಹರಣೆ ಅದ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರಿಗೆ ಮರಣದಂಡನೆ ಆಯ್ತು. ಹೈದರಾಬಾದಿನ ರೆಸಿಡೆಂಟ್, ಅಂದ್ರ ಬ್ರಿಟಿಷರ ಪ್ರತಿನಿಧಿ, ಅದನ್ನ ಜೀವಾವಧಿ ಗಡೀಪಾರು ಮಾಡಿದ. ಗವರ್ನರ್ ಜನರಲ್ ಮತ್ತೂ ಇಳಿಸಿ ನಾಲ್ಕು ವರ್ಷ ಸೆರೆ ಅಂದ. ಆ ಸೆರೆಮನಿಗೆ ಮುಟ್ಟೋ ಮೊದಲೇ ದಾರ್ಯಾಗ ಗುಂಡು ತಗುಲಿ ತೀರಿಹೋದರು. ಒಂದೇ ಕಾಗದ ನೋಡಿ ಕರಿನೀರಿಗೆ ಹೋದರು ಅಂತ ಬರೆದ್ರ ಇತಿಹಾಸವೇ ತಪ್ಪಾಗ್ತದ. ನಿಮ್ಮ ಕೂಲಿಯವನಿಗೂ ಇದೇ ಎಚ್ಚರ ಬೇಕ್ರಿ.

ಕಲಬುರಗಿ ವಿದ್ಯಾರ್ಥಿ:
ಬಹಳ ಉಪಕಾರ ಆಯ್ತ್ರಿ ಎಲ್ಲರಿಂದ. ಹೆಣ್ಮಕ್ಕಳ ದಾಖಲೆನೂ ಇದರಾಗೇ ಇರ್ತಾವೇನು?

ದಫ್ತರ ಪ್ರೇಮಿ, ಯಾದಗಿರಿ:
ಇಲ್ಲ, ಅವರದು ಸಿಓಎನ್ 40, ಮುಂದಿನ ಕಾಲಕ್ಕ ಸಿಓಎನ್ 41. ಆಸ್ಟ್ರೇಲಿಯಾಕ್ಕ ಒಟ್ಟು ಸುಮಾರು 25,000 ಹೆಣ್ಮಕ್ಕಳು ಹೋಗ್ಯಾರ, ಹೆಚ್ಚಿನವರು ಮನಿಗೆಲಸಕ್ಕ. ಟ್ಯಾಸ್ಮೇನಿಯಾದಾಗ ಬಸುರಾದ್ರ ಧಣಿ ಹೋಬಾರ್ಟಿನ ಕ್ಯಾಸ್ಕೇಡ್ಸ್ ಫೀಮೇಲ್ ಫ್ಯಾಕ್ಟರಿಗೆ, ಅಂದ್ರ ಹೆಣ್ಣು ಕೈದಿಗಳ ಸೆರೆಮನಿಗೆ, ವಾಪಸ್ ಕಳಿಸ್ತಿದ್ದ. ಅಲ್ಲಿ ಹುಟ್ಟಿದ ಕೂಸುಗಳು ಬಹಳ ಸತ್ತಾವ, ಅವುಗಳ ಹೆಸರೂ ಬಿಡದೆ ಬರ್ಕೋರಿ. ಲಗ್ನ ಆಗಲಾಕ ಕೈದಿಗೆ ಸರ್ಕಾರದ ಪರವಾನಗಿ ಬೇಕಿತ್ತು, ಅದು ಸಿಓಎನ್ 45 ಮತ್ತ 52ರಾಗ ಸಿಗ್ತದ. ಲಗ್ನದಾಗ ಅಡ್ಡಹೆಸರು ಬದಲಾಗಿರ್ತದ, ಹಿಂಗಾಗಿ ಈ ಎರಡು ಸರಣಿ ಬಿಟ್ರ ಮುಂದಿನ ಜಾಡು ತಪ್ಪಿಹೋಗ್ತದ.