5 ತಿಂಗಳ ಲ್ಯಾಬ್ ನಾಯಿಮರಿಗೆ ಅಗಿಯೋಕೆ ಏನು ಕೊಡಬಹುದು?

ಪ್ರಶ್ನೆ:
ಲ್ಯಾಬ್ರಡಾರ್ ಹೆಣ್ಣು ಮರಿ, 5 ತಿಂಗಳು, 16 ಕೆ.ಜಿ. ಹಾಲುಹಲ್ಲು ಉದುರುತ್ತಿವೆ. ಚಪ್ಪಲಿ, ಸೋಫಾ ಕಾಲು ಯಾವುದನ್ನೂ ಬಿಡ್ತಿಲ್ಲ. ಈಗ ಮನೇಲಿರೋದು ನಾಲ್ಕು: ಗಂಟು ಹಾಕಿದ ಹತ್ತಿ ಹಗ್ಗ, ರಾಹೈಡ್ ಮೂಳೆ (ಒಣಗಿಸಿದ ಚರ್ಮದಲ್ಲಿ ಮಾಡಿದ್ದು), ಟೆನಿಸ್ ಬಾಲ್, ದನದ ಗೊರಸು. ತೆಂಗಿನಕಾಯಿ ಸಿಪ್ಪೆ ಕೊಟ್ಟರೆ ಸಾಕು ಅಂತಾನೂ ಹೇಳ್ತಾರೆ. ಯಾವುದನ್ನ ಇಟ್ಟುಕೊಳ್ಳಲಿ, ಯಾವುದನ್ನ ಎಸೀಲಿ? ದಯವಿಟ್ಟು ಕಾರಣ ಸಮೇತ ಹೇಳಿ.

ಉತ್ತರ 1:
ಗೊರಸನ್ನ ಇವತ್ತೇ ಎಸೆದುಬಿಡಿ. ಗಟ್ಟಿ ವಸ್ತು ಸಿಕ್ಕರೆ ನಾಯಿ ಅದನ್ನ ಮುಂದಿನ ಹಲ್ಲಲ್ಲಿ ಕಡಿಯೋದಿಲ್ಲ, ತಲೆ ಓರೆ ಮಾಡಿ ಬಾಯಿಯ ಪಕ್ಕಕ್ಕೆ ತಳ್ಳಿಕೊಳ್ಳುತ್ತೆ. ಅಲ್ಲಿ ಮೇಲಿನ ದೊಡ್ಡ ಹಲ್ಲು ಕೆಳಗಿನದರ ಜೊತೆ ಕತ್ತರಿ ಥರ ಕೂರುತ್ತೆ. ನಡುವೆ ಸಿಕ್ಕಿದ್ದು ಜಗ್ಗದೇ ಇದ್ದರೆ ಮೇಲಿನ ಹಲ್ಲಿನ ಹೊರಮೈ ಚಕ್ಕೆಯಾಗಿ ಸೀಳುತ್ತೆ. ಒಳಗಿನ ನರ ತೆರೆದುಕೊಂಡರೆ ಸಾಮಾನ್ಯವಾಗಿ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲ ಹಲ್ಲು ಕೀಳಿಸಬೇಕು. ನಿಮ್ಮ ಮರಿಗೆ ಈಗ 28 ಹಾಲುಹಲ್ಲು ಹೋಗಿ 42 ಕಾಯಂ ಹಲ್ಲು ಬರೋ ಕಾಲ, ಆರೇಳು ತಿಂಗಳಿಗೆ ಮುಗಿಯುತ್ತೆ. ಹೊಸ ಹಲ್ಲಿನ ಗೋಡೆ ಇನ್ನೂ ತೆಳು ಇರುತ್ತೆ, ಹಾಗಾಗಿ ಹೆಚ್ಚು ಜೋಪಾನ ಬೇಕು.

ಅಂಗಡಿಯಲ್ಲೇ ನೋಡಿಬಿಡಿ: ಹೆಬ್ಬೆರಳಿನ ಉಗುರನ್ನ ಒತ್ತಿದರೆ ಗುರುತು ಬೀಳಬೇಕು. ಬೀಳಲಿಲ್ಲ ಅಂದ್ರೆ ತಗೋಬೇಡಿ. ಕೊಂಬು, ಗಟ್ಟಿ ನೈಲಾನ್ ಮೂಳೆ, ಯಾಕ್ ಹಾಲಿನ ಗಟ್ಟಿ ಚೀಸ್ ಆದ ಛುರ್ಪಿ ಎಲ್ಲ ಇಲ್ಲೇ ಸೋಲುತ್ತವೆ. ಬೇಯಿಸಿದ ಮೂಳೆಯಂತೂ ಯಾವ ವಯಸ್ಸಿನ ನಾಯಿಗೂ ಬೇಡ, ಸಿಬಿರು ಸಿಬಿರಾಗಿ ಒಡೆದು ಗಂಟಲಿಗೆ, ಕರುಳಿಗೆ ಚುಚ್ಚುತ್ತೆ.

ಉತ್ತರ 2:
ಗೊರಸಿನಷ್ಟ ಹೆದರಬೇಕಾದ್ದು ಹಗ್ಗಕ್ಕ. ಮೆತ್ತಗದ, ಹಲ್ಲಿಗೇನೂ ಆಗಂಗಿಲ್ಲ, ಖರೆ. ಆದ್ರ ಮರಿ ಒಂದ ಕುಂತು ಕಡದ್ರ ಎಳಿ ಎಳಿ ಬಿಚ್ಚಿ ನುಂಗತದ. ದಾರದ ಒಂದು ತುದಿ ನಾಲಿಗಿ ಬುಡಕ್ಕೋ ಹೊಟ್ಟಿಯೊಳಗೋ ಸಿಕ್ಕೊಂಡು ಉಳಿದದ್ದು ಕರುಳಿಗೆ ಇಳೀತದ. ಕರುಳು ಮುಂದ ದೂಡತದ, ದಾರ ಬರಂಗಿಲ್ಲ. ಲಾಡಿ ಜಗ್ಗಿದಾಗ ಲಂಗ ನೆರಿಗಿ ಕಟ್ಟಿದಂಗ ಕರುಳೇ ದಾರದ ಮ್ಯಾಲೆ ಮುದುಡಿ, ಕಡೀಕ ಕೊಯ್ದು ತೂತು ಬೀಳತದ. ಹಿಂದ ದಾರ ಜೋತಾಡೋದು ಕಂಡ್ರ ದಯವಿಟ್ಟು ಎಳೀಬ್ಯಾಡ್ರಿ, ಹಂಗs ಡಾಕ್ಟರ್ ಹತ್ರ ಒಯ್ಯಿರಿ. ಹಗ್ಗ ಇಟ್ಕೋಬೇಕಂದ್ರ ಇನ್ನೊಂದು ತುದಿ ನಿಮ್ಮ ಕೈಯಾಗ ಇರಬೇಕು, ಆಟ ಮುಗದ ಕೂಡ್ಲೆ ಕಪಾಟಿನಾಗ.

ತೆಂಗಿನ ಸಿಪ್ಪಿ ಅಂದ್ರೂ ನಾರೇ, ಅದೇ ಅಪಾಯ. ಕರಟ ಒಡದ್ರ ಅಂಚು ಹರಿತ. ರಾಹೈಡ್ ಮೊದಲು ಗಟ್ಟಿ, ಜೊಲ್ಲಿಗೆ ನೆನದು ಜಾರತದ, ಲ್ಯಾಬ್ ಅದನ್ನ ಅಗಿಯಂಗಿಲ್ಲ, ತುಂಡು ತುಂಡು ನುಂಗತದ. ಟೆನಿಸ್ ಬಾಲಿನ ಮ್ಯಾಲಿನ ಉಣ್ಣಿ ಬಟ್ಟಿಗೆ ಮಣ್ಣು ಹಿಡದ್ರ ಮರಳು ಕಾಗದ ಇದ್ದಂಗ, ದಿನಾ ಕಡದ್ರ ಹಲ್ಲು ಸವೀತಾವ. ಎಸದು ತರಸ್ಲಿಕ್ಕೆ ಸಾಕು, ಆಮೇಲೆ ಕಸಗೋರಿ.

ಉತ್ತರ 3:
ಕೊಳ್ಳೋದಾದರೆ ನಡುವೆ ಟೊಳ್ಳಿರೋ ರಬ್ಬರ್ ಆಟಿಕೆ. ಕಾಂಗ್ ಕಂಪನಿಯದರಲ್ಲಿ ಮರಿಗಳಿಗೆಂದೇ ಮೆತ್ತನೆಯದು ಬರುತ್ತೆ, ಕೆಂಪು ಬೆಳೆದ ನಾಯಿಗೆ, ಕಪ್ಪು ಜೋರಾಗಿ ಅಗಿಯೋ ನಾಯಿಗೆ. ಈಗ ಮರಿಯದ್ದೇ ಸಾಕು, ಹಲ್ಲೆಲ್ಲ ಬಂದ ಮೇಲೆ ಕೆಂಪು. ಯಾವ ಕಂಪನಿಯದಾದರೂ ಎರಡು ಕಡೆ ತೂತು ಇದೆಯಾ ನೋಡಿ. ಒಂದೇ ತೂತಿದ್ದರೆ ನೆಕ್ಕುವಾಗ ಒಳಗಿನ ಗಾಳಿ ಖಾಲಿಯಾಗಿ ನಾಲಿಗೆ ಹಿಡಿದುಕೊಳ್ಳುತ್ತೆ, ಊದಿಕೊಂಡರೆ ಬಿಡಿಸೋಕೆ ಆಗಲ್ಲ. ಇಡೀ ಆಟಿಕೆ ಹಿಂದಿನ ಹಲ್ಲು ದಾಟಿ ಹೋಗಬಾರದು. ಅನುಮಾನ ಬಂದರೆ ಒಂದು ಸೈಜ್ ದೊಡ್ಡದು ತಗೊಳ್ಳಿ.

ಸಣ್ಣ ತೂತಿಗೆ ಬೇಯಿಸಿದ ಕ್ಯಾರೆಟ್ ತುಂಡು ಒತ್ತಿ, ನೆನೆಸಿದ ನಾಯಿ ಆಹಾರಕ್ಕೆ ಎರಡು ಚಮಚ ಗಟ್ಟಿ ಮೊಸರು ಕಲಸಿ ತುಂಬಿ, 3–4 ಗಂಟೆ ಫ್ರೀಜರ್‌ನಲ್ಲಿಡಿ. ತಣ್ಣಗಿದ್ದರೆ ವಸಡಿಗೆ ಹಿತ. ಮೊದಲ ಎರಡು ಸಲ ಗಟ್ಟಿ ಮಾಡದೆ ಕೊಡಿ, ಇಲ್ಲಾಂದ್ರೆ ಬೇಸತ್ತು ಬಿಟ್ಟುಬಿಡುತ್ತೆ. ತುಂಬಿದಷ್ಟನ್ನ ಊಟದಿಂದ ಕಳೆಯಿರಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಬೇಡ. ಪೀನಟ್ ಬಟರ್ ಹಾಕೋದಾದರೆ ಡಬ್ಬಿ ಮೇಲೆ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕೋ ಸಿಹಿ) ಅಂತ ಇದೆಯಾ ಓದಿ, ಇದ್ದರೆ ಅದು ನಾಯಿಗೆ ವಿಷ. ಅದೇ ದಿನ ಬಾಟಲ್ ಬ್ರಷ್ ಹಾಕಿ ತೊಳೆಯಿರಿ, ಒಳಗಿನ ಮೊಸರು ಹುಳಿತರೆ ಇರುವೆ ಮುತ್ತುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ. ನಾಲ್ಕರಲ್ಲಿ ಹಗ್ಗ, ಬಾಲ್ ಮಾತ್ರ ಉಳಿಸಿ ಕಪಾಟಿಗೆ ಹಾಕಿದ್ದೀನಿ. ಒತ್ತಿದರೆ ಕೀಚ್ ಅನ್ನೋ ಬಟ್ಟೆ ಬೊಂಬೆ ಪರವಾಗಿಲ್ವಾ? ರಬ್ಬರ್ ಆಟಿಕೆ ಎಸೆಯೋದು ಯಾವಾಗ?

ಉತ್ತರ 1:
ಬೊಂಬೆ ನೀವು ಎದುರಿಗಿದ್ದಾಗ ಮಾತ್ರ. ಮರಿ ಹೊಲಿಗೆ ಬಿಚ್ಚಿ ಮೊದಲು ಹುಡುಕೋದೇ ಆ ಕೀಚ್ ಗುಂಡನ್ನ, ನುಂಗಿದರೆ ಕರುಳಿಗೆ ಅಡ್ಡ ಕೂರುತ್ತೆ. ರಬ್ಬರನ್ನ ವಾರಕ್ಕೊಮ್ಮೆ ಬಗ್ಗಿಸಿ ನೋಡಿ. ಬಿರುಕು ಬಾಯಿ ಬಿಟ್ಟಿದ್ದರೆ, ತೂತಿನ ಅಂಚಿಂದ ಕಡಲೆಕಾಳಿನಷ್ಟು ತುಂಡು ಹೋಗಿದ್ದರೂ ಎಸೆಯಿರಿ. ತುಂಡು ಕಾಣೆಯಾದ ಮೇಲೆ ಪದೇ ಪದೇ ವಾಂತಿ, ಊಟ ಬಿಡೋದು, ಮುಕ್ಕಿದರೂ ಕಕ್ಕಸು ಬಾರದಿರೋದು ಕಂಡರೆ ರಾತ್ರಿಯಾದರೂ ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ. ಉಳಿದ ತುಂಡುಗಳನ್ನ ಕವರಿಗೆ ಹಾಕಿ ಜೊತೆಗೆ ಒಯ್ಯಿರಿ. ಎಕ್ಸ್‌ರೇಯಲ್ಲಿ ರಬ್ಬರ್ ಎಷ್ಟೋ ಸಲ ಕಾಣೋದಿಲ್ಲ, ಎಷ್ಟು ದೊಡ್ಡ ತುಂಡು ಹೋಗಿದೆ ಅನ್ನೋದು ಡಾಕ್ಟರಿಗೆ ಆ ಉಳಿದ ತುಂಡುಗಳಿಂದ ಗೊತ್ತಾಗುತ್ತೆ.